ಚಾಲಕನ ತಪ್ಪು, ಮಾಲೀಕನ ಸಹಿ

ನನ್ನಲ್ಲಿ ಕಲಿತವರಿಗೆ ಅಂಕಪಟ್ಟಿಯ ದಿನಗಳು ನೆನಪಿರಬಹುದು. ಕಡಿಮೆ ಅಂಕ ಪಡೆದ ಹುಡುಗನ ಪಟ್ಟಿಗೆ ತಂದೆಯ ಸಹಿ ಬೀಳಲು ವಾರಗಳೇ ಹಿಡಿಯುತ್ತಿದ್ದವು. ಪಟ್ಟಿ ಚೀಲದ ತಳದಲ್ಲಿಯೇ ಉಳಿದಿರುತ್ತಿತ್ತು. ಅಮೆರಿಕದಲ್ಲಿ ಲಾರಿ ಚಾಲಕರಿಗಾಗಿ ರೂಪುಗೊಂಡ ಕಾನೂನುಗಳ ಚರಿತ್ರೆಯನ್ನು ಓದುವಾಗ ನನಗೆ ಆ ಚೀಲ ನೆನಪಾಯಿತು.

ಅಲ್ಲಿ ಚಾಲನಾ ಪರವಾನಗಿ ನೀಡುವುದು ಆಯಾ ರಾಜ್ಯಗಳ ಅಧಿಕಾರ. 1980ರ ದಶಕದವರೆಗೂ ಕೆಲವು ಚಾಲಕರು ಹಲವು ರಾಜ್ಯಗಳ ಪರವಾನಗಿಗಳನ್ನು ಇಟ್ಟುಕೊಂಡಿದ್ದರು. ತಪ್ಪುಗಳು ಅವುಗಳಲ್ಲಿ ಹಂಚಿಹೋಗಿ ಯಾವ ದಾಖಲೆಯೂ ಭಾರವಾಗುತ್ತಿರಲಿಲ್ಲ. ಒಂದು ರದ್ದಾದರೆ ಇನ್ನೊಂದನ್ನು ತೋರಿಸಬಹುದಾಗಿತ್ತು.

1986ರಲ್ಲಿ ಅಮೆರಿಕದ ಸಂಸತ್ತು ವಾಣಿಜ್ಯ ಮೋಟಾರು ವಾಹನ ಸುರಕ್ಷತಾ ಕಾಯಿದೆಯನ್ನು ಅಂಗೀಕರಿಸಿತು. ಒಬ್ಬ ಚಾಲಕನಿಗೆ ಒಂದೇ ಪರವಾನಗಿ ಎಂದಾಯಿತು. ಸಂಚಾರ ನಿಯಮ ಮುರಿದು ತಪ್ಪಿತಸ್ಥನೆಂದು ತೀರ್ಮಾನವಾದವನು 30 ದಿನಗಳೊಳಗೆ ತನ್ನ ಮಾಲೀಕನಿಗೆ ತಿಳಿಸಬೇಕು. ವಾಹನ ನಿಲುಗಡೆಯ ತಪ್ಪಿಗೆ ಮಾತ್ರ ವಿನಾಯಿತಿ. ಆದರೆ ಕೆಲಸ ಹೋದೀತೆಂಬ ಭಯವುಳ್ಳವನು ತಾನಾಗಿ ಹೋಗಿ ಹೇಳುವನೆ? ಪಟ್ಟಿ ಮತ್ತೆ ಚೀಲದ ತಳಕ್ಕೇ ಸೇರಬಹುದು.

ಕ್ಯಾಲಿಫೋರ್ನಿಯಾ ರಾಜ್ಯ ಇದಕ್ಕೂ ಮೊದಲೇ, 1982ರಲ್ಲಿ, ಬೇರೆ ದಾರಿ ಹಿಡಿದಿತ್ತು. ಅಲ್ಲಿ ಮಾಲೀಕನು ತನ್ನ ಚಾಲಕರನ್ನು ಮೋಟಾರು ವಾಹನ ಇಲಾಖೆಯ ಯೋಜನೆಯಲ್ಲಿ ನೋಂದಾಯಿಸುತ್ತಾನೆ. ಶಿಕ್ಷೆ, ಅಪಘಾತ, ಪರವಾನಗಿಯ ಅಮಾನತು ದಾಖಲಾದಾಗ ಇಲಾಖೆಯೇ ಆತನಿಗೆ ವರದಿ ಕಳುಹಿಸುತ್ತದೆ. ಏನೂ ಘಟಿಸದಿದ್ದರೂ ವರ್ಷಕ್ಕೊಂದು ವರದಿ ಬರುತ್ತದೆ. ಮಾಲೀಕನು ಅದಕ್ಕೆ ದಿನಾಂಕ ಸಹಿತ ಸಹಿ ಹಾಕಿಟ್ಟು, ಹೆದ್ದಾರಿ ಪೊಲೀಸರು ಕೇಳಿದಾಗ ತೋರಿಸಬೇಕು. ಪರವಾನಗಿ ಅಮಾನತಾದವನನ್ನು ತಿಳಿದೂ ದುಡಿಸಿಕೊಂಡರೆ ಮಾಲೀಕನೇ ಶಿಕ್ಷಾರ್ಹ.

ಈ ವ್ಯವಸ್ಥೆಯ ಬಲವಿರುವುದು ಆ ಸಹಿಯಲ್ಲಿ ಎಂದು ನನ್ನ ಭಾವನೆ. ಸಹಿ ಹಾಕಿದವನು ಮುಂದೆ “ನನಗೆ ಗೊತ್ತಿರಲಿಲ್ಲ” ಎನ್ನಲಾರ. ಹಾಗೆಂದು ವರದಿ ಬಂದೊಡನೆ ಚಾಲಕನನ್ನು ಹೊರಹಾಕುವುದೇ ಪರಿಹಾರವಲ್ಲ. ಅವನು ಏಕೆ ವೇಗವಾಗಿ ಓಡಿಸಿದ? ನಿದ್ದೆಗೆಟ್ಟಿದ್ದನೆ? ಹೇಳಿದ ಹೊತ್ತಿಗೆ ಸರಕು ತಲುಪಿಸೆಂದು ಒತ್ತಾಯಿಸಿದವರು ಯಾರು? ಬೆತ್ತ ಹಿಡಿದ ತಂದೆಯಿಂದ ಹುಡುಗ ಮುಂದಿನ ಪಟ್ಟಿಯನ್ನೂ ಬಚ್ಚಿಡುತ್ತಾನೆ. ಪಕ್ಕದಲ್ಲಿ ಕೂರಿಸಿಕೊಂಡು ವಿಚಾರಿಸಿದ ತಂದೆಯ ಮಗ ತಿದ್ದಿಕೊಂಡುದನ್ನು ನಾನು ಕಂಡಿದ್ದೇನೆ.

ನಿಮ್ಮಲ್ಲಿ ಕೆಲವರು ಇಂದು ಲಾರಿ, ಬಸ್ಸುಗಳ ಮಾಲೀಕರಾಗಿದ್ದೀರಿ. ದಂಡದ ಚೀಟಿ ಕೈಸೇರಿದಾಗ ಹಣ ಕಟ್ಟಿ ಮರೆಯಬೇಡಿರಿ. ಒಮ್ಮೆ ಚಾಲಕನನ್ನು ಕೂರಿಸಿಕೊಂಡು ಮಾತನಾಡಿರಿ. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ.