ಜಪಾನಿನ ಎಚ್‌ಐವಿ ಸೋಂಕಿತ ರಕ್ತೋತ್ಪನ್ನ ಮೊಕದ್ದಮೆಗಳ ರಾಜಿ (1996)

ಕಲುಷಿತ ರಕ್ತೋತ್ಪನ್ನಗಳಿಂದ ಎಚ್‌ಐವಿ ತಗುಲಿದ ಹೀಮೋಫೀಲಿಯಾ ರೋಗಿಗಳು ಹೂಡಿದ್ದ ದಾವೆಗಳಲ್ಲಿ ಜಪಾನ್ ಸರ್ಕಾರ ಮತ್ತು ಐದು ಔಷಧ ಕಂಪನಿಗಳು 1996ರ ಮಾರ್ಚ್ 29ರಂದು ಒಪ್ಪಿಕೊಂಡ ಇತ್ಯರ್ಥ.

ಹೀಮೋಫೀಲಿಯಾ ಇರುವವರಿಗೆ ರಕ್ತ ಹೆಪ್ಪುಗಟ್ಟಿಸುವ ಅಂಶವನ್ನು ಚುಚ್ಚುಮದ್ದಾಗಿ ಕೊಡಬೇಕಾಗುತ್ತದೆ. ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ತಯಾರಿಸುತ್ತಿದ್ದ ಪುಡಿರೂಪದ ಈ ಔಷಧದಲ್ಲಿ ಒಬ್ಬ ದಾನಿಯ ಸೋಂಕು ಒಂದು ಸಲದ ಇಡೀ ತಯಾರಿಕೆಗೆ ಹರಡಬಹುದಿತ್ತು. ಆಗ ಜಪಾನ್ ಇದಕ್ಕೆ ಬಹುಮಟ್ಟಿಗೆ ಅಮೆರಿಕದ ಪ್ಲಾಸ್ಮಾವನ್ನೇ ನೆಚ್ಚಿಕೊಂಡಿತ್ತು. ಬಿಸಿಮಾಡಿ ವೈರಸ್ ನಾಶಪಡಿಸಿದ ಉತ್ಪನ್ನಕ್ಕೆ ಅಮೆರಿಕ 1983ರಲ್ಲೇ ಅನುಮತಿ ಕೊಟ್ಟರೂ ಜಪಾನ್ ಕೊಟ್ಟದ್ದು 1985ರಲ್ಲಿ; ಹಳೆಯ ದಾಸ್ತಾನನ್ನು ವಾಪಸು ಪಡೆಯಲು ಆಗಲೂ ಆದೇಶಿಸಲಿಲ್ಲ. 1,400ಕ್ಕೂ ಹೆಚ್ಚು ಮಂದಿ ಸೋಂಕಿತರಾದರು, ಅವರಲ್ಲಿ ಅನೇಕರು ಮಕ್ಕಳು.

1989ರಲ್ಲಿ ಒಸಾಕಾ, ಟೋಕಿಯೊ ನ್ಯಾಯಾಲಯಗಳಲ್ಲಿ ದಾವೆ ಹೂಡಿದವರು ಕಳಂಕಕ್ಕೆ ಅಂಜಿ ಹೆಸರು ಮರೆಮಾಚಿದ್ದರು. 1995ರಲ್ಲಿ ಹತ್ತೊಂಬತ್ತರ ಯುವಕ ರ್‍ಯೂಹೆ ಕವಾಡಾ ತನ್ನ ಹೆಸರನ್ನು ಬಹಿರಂಗಪಡಿಸಿದಾಗ ಜನರು ಆರೋಗ್ಯ ಸಚಿವಾಲಯವನ್ನೇ ಸುತ್ತುವರಿದರು. ಹೊಸ ಆರೋಗ್ಯ ಸಚಿವ ನಾಓಟೊ ಕಾನ್, ಇಲ್ಲವೆಂದು ಸಚಿವಾಲಯ ಹೇಳಿದ್ದ ಈ ಪ್ರಕರಣದ ಕಡತಗಳನ್ನು ಹುಡುಕಿಸಿ, 1996ರ ಫೆಬ್ರವರಿಯಲ್ಲಿ ಸಂತ್ರಸ್ತರ ಮುಂದೆ ತಲೆಬಾಗಿ ಕ್ಷಮೆ ಕೇಳಿದರು. ಮರುತಿಂಗಳು ಐದು ಕಂಪನಿಗಳಲ್ಲಿ ಒಂದಾದ ಗ್ರೀನ್ ಕ್ರಾಸ್‌ನ ಮುಖ್ಯಸ್ಥರು ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಮುಟ್ಟಿಸಿದರು.

ರಾಜಿಯ ಪ್ರಕಾರ ಪ್ರತಿ ಸಂತ್ರಸ್ತರಿಗೆ 4.5 ಕೋಟಿ ಯೆನ್, ಶೇ. 60 ಕಂಪನಿಗಳ ಪಾಲು, ಶೇ. 40 ಸರ್ಕಾರದ್ದು. ಏಡ್ಸ್ ಕಾಣಿಸಿಕೊಂಡವರಿಗೆ ಮಾಸಿಕ ಭತ್ಯೆಯೂ ಸಿಕ್ಕಿತು. ಸಂತ್ರಸ್ತರು ಹಣದಷ್ಟೇ ಪಟ್ಟುಹಿಡಿದದ್ದು ಚಿಕಿತ್ಸೆಗಾಗಿ. ಅದರ ಫಲವಾಗಿ 1997ರಲ್ಲಿ ಟೋಕಿಯೊದಲ್ಲಿ ಏಡ್ಸ್ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಪ್ರತ್ಯೇಕ ಕ್ರಿಮಿನಲ್ ಪ್ರಕರಣದಲ್ಲಿ ಸಚಿವಾಲಯದ ಮಾಜಿ ಅಧಿಕಾರಿಯೊಬ್ಬರಿಗೆ ನಿರ್ಲಕ್ಷ್ಯಕ್ಕಾಗಿ ವಿಧಿಸಿದ್ದ ಶಿಕ್ಷೆಯನ್ನು 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.