ಕಾರ್ಖಾನೆಯ ಮಡ್ಡಿ, ಹೊಲದ ಮಣ್ಣು

ಮಂಡ್ಯದ ಬಯಲಿಗೆ ನಾಲೆಯ ನೀರು ಹರಿದದ್ದು, ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು ನಮಗೆಲ್ಲ ತಿಳಿದ ಸಂಗತಿ. ಸಕ್ಕರೆಯ ಬೆನ್ನಿಗೇ ಹೊರಬಂದ ಕಸಕ್ಕೂ ಒಂದು ಚರಿತ್ರೆಯುಂಟು. 100 ಟನ್ ಕಬ್ಬು ಅರೆದರೆ 3-4 ಟನ್ ಕಪ್ಪು ಮಡ್ಡಿ (ಪ್ರೆಸ್‌ಮಡ್) ಉಳಿಯುತ್ತದೆ. ಕಾಕಂಬಿಯಿಂದ 1 ಲೀಟರ್ ಮದ್ಯಸಾರ ಇಳಿಸಿದರೆ 10-15 ಲೀಟರ್ ಕಂದುನೀರು ಉಳಿಯುತ್ತದೆ. ಎರಡೂ ಹೊಲದಿಂದಲೇ ಬಂದವು, ಹೊಲಕ್ಕೇ ಹಿಂದಿರುಗಿಸಬಾರದೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಮ್ಯಾಂಚೆಸ್ಟರಿನಲ್ಲಿ ಕೊಳಚೆ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆಗೆ) ಬಂದರು. ಕಸದೊಳಗಿನ ಸಾರಜನಕವನ್ನು ಮಣ್ಣಿಗೆ ಉಳಿಸಿಕೊಡುವುದೇ ಅವರ ಹಂಬಲ. ಅತ್ತ ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಅವರು ಯಶವಂತ ವಾಡ್ ಅವರೊಡನೆ ತಿಪ್ಪೆಯನ್ನೇ ಶಾಸ್ತ್ರವಾಗಿಸಿ 1931ರಲ್ಲಿ ಪುಸ್ತಕ ಪ್ರಕಟಿಸಿದರು. ಆ ದಶಕದ ಕೊನೆಗೆ ಸಿ.ಎನ್. ಆಚಾರ್ಯರು ರೂಪಿಸಿದ ಗುಂಡಿಗೊಬ್ಬರದ ಕ್ರಮ ‘ಬೆಂಗಳೂರು ವಿಧಾನ’ವೆಂದೇ ಪ್ರಸಿದ್ಧವಾಯಿತು. ನಮ್ಮ ಅಜ್ಜಿಯರು ತಿಪ್ಪೆಯ ವಿಚಾರದಲ್ಲಿ ಯಾರಿಂದಲೂ ಪಾಠ ಹೇಳಿಸಿಕೊಂಡವರಲ್ಲ, ಅದು ಬೇರೆ ಮಾತು.

ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇಂಗಾಲವೇ ಅನ್ನ. ಆದರೆ ಮೈ ಬೆಳೆಸಲು ಸಾರಜನಕವೂ ಬೇಕು. ಹಸಿ ಕಸದಲ್ಲಿ ಸಾರಜನಕ ಸಾಲದಿದ್ದರೆ ಅವು ಮಣ್ಣಿನದನ್ನೇ ಕಸಿದುಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ಹಸಿ ಮಡ್ಡಿಯ ರಾಶಿ ಕೊಳೆಯುವಾಗ ಸುಡುವಷ್ಟು ಕಾಯುತ್ತದೆ. ಅದರಲ್ಲಿರುವ ಕಬ್ಬಿನ ಮೇಣ ಕೊಳೆಯುವಿಕೆಯನ್ನು ನಿಧಾನಗೊಳಿಸುತ್ತದೆ. ಆದುದರಿಂದ ಹೊಲಕ್ಕೆ ಹಾಕುವ ಮುನ್ನ ಅದು ಮಾಗಲೇಬೇಕು.

ಕಂದುನೀರಿನ ಕಥೆ ಇನ್ನೂ ತೊಡಕಿನದು. ಅದರೊಳಗಿನ ಸಕ್ಕರೆ, ಆಮ್ಲಗಳು ಕೆಲವೇ ದಿನಗಳಲ್ಲಿ ಕರಗುತ್ತವೆ. ಆ ಭರದಲ್ಲಿ ಮಣ್ಣಿನ ಆಮ್ಲಜನಕವೂ ಮುಗಿದು ಬೇರುಗಳು ಉಸಿರುಗಟ್ಟುತ್ತವೆ. ಬಣ್ಣ ಕೊಡುವ ಮೆಲನಾಯ್ಡಿನ್ ಮಾತ್ರ ಸುಲಭಕ್ಕೆ ಜಗ್ಗದು. ಮಿತಿಮೀರಿ ಸುರಿದ ಕಡೆಗಳಲ್ಲಿ ಅದು ಲವಣಗಳೊಡನೆ ಕೆಳಗಿಳಿದು ಬಾವಿಯ ನೀರನ್ನು ಚಹದ ಬಣ್ಣಕ್ಕೆ ತಿರುಗಿಸಿದ್ದುಂಟು. ಹೊಲದವನಿಗೆ ಪುಕ್ಕಟೆ ಪೊಟ್ಯಾಸಿಯಂ ದೊರೆಯಿತೆಂಬ ಲೆಕ್ಕ ಹೇಳುವವರು, ಆ ಬಾವಿಯಿಂದ ಕೊಡ ಹೊತ್ತವಳ ಲೆಕ್ಕವನ್ನೂ ಬರೆಯಬೇಕಿತ್ತು.

ಕಡೆಗೆ ಒಂದು ಕಸಕ್ಕೆ ಇನ್ನೊಂದೇ ಮದ್ದಾಯಿತು. ಮಡ್ಡಿಯನ್ನು ಉದ್ದನೆಯ ಸಾಲುಗಳಾಗಿ ಒಟ್ಟಿ, ಅದರ ಮೇಲೆ ಕಂದುನೀರನ್ನು ಸಿಂಪಡಿಸಿ, ಮತ್ತೆ ಮತ್ತೆ ಮಗುಚುತ್ತಾರೆ. ರಾಶಿಯ ಕಾವಿಗೆ ನೀರು ಆರುತ್ತದೆ, ಕೆಲವು ವಾರಗಳಲ್ಲಿ ವಾಸನೆ ಇಳಿಯುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಪುಡಿಯಾಗಿ ಉದುರುತ್ತದೆ.