ಬ್ರೇಕ್ ಕಿರುಚೋದರ ಹಿಂದಿನ ಇತಿಹಾಸ

ಪುಣೆಯಿಂದ ಮುಂಬೈಗೆ ಖಂಡಾಳ ಘಾಟ್ ಇಳಿಯುವವರಿಗೆ ಇವತ್ತಿನ ಮಾತು.

1888ರ ಆಗಸ್ಟ್. ಜರ್ಮನಿಯ ಬರ್ಟಾ ಬೆಂಜ್ ಗಂಡನಿಗೆ ಹೇಳದೆ, ಅವರೇ ಕಟ್ಟಿದ ಮೂರು ಚಕ್ರದ ಕಾರಿನಲ್ಲಿ ಇಬ್ಬರು ಗಂಡುಮಕ್ಕಳ ಜೊತೆ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು 100 ಕಿ.ಮೀ. ದಾರಿ. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡು ಸವೆಯಿತು. ಆಕೆ ಚಪ್ಪಲಿ ಹೊಲಿಯುವವರಿಂದ ಅದಕ್ಕೆ ಚರ್ಮ ಹೊಡೆಸಿದರು. ಮೊದಲ ಬ್ರೇಕ್ ಲೈನಿಂಗ್ ಅದೇ ಅಂತಾರೆ.

1902ರಲ್ಲಿ ಇಂಗ್ಲೆಂಡಿನ ಫ್ರೆಡೆರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ತಾಮ್ರದ ಪ್ಯಾಡು ಲೋಹದ ಡಿಸ್ಕಿಗೆ ಉಜ್ಜಿ ವಿಪರೀತ ಕಿರುಚುತ್ತಿತ್ತು. ಅಂದು ತಲೆನೋವಾಗಿದ್ದ ಆ ಸದ್ದನ್ನೇ ಮುಂದೆ ಎಂಜಿನಿಯರುಗಳು ಬೇಕಂತಲೇ ತಂದರು. ಈಗ ಹಲವು ಪ್ಯಾಡುಗಳಲ್ಲಿ ಒಂದು ಸಣ್ಣ ತಗಡು ಇರುತ್ತೆ. ಪ್ಯಾಡು 2–3 ಮಿ.ಮೀ.ಗೆ ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚ್ ಅನ್ನುತ್ತೆ.

ಕೋಡ್ ಬರೆಯೋ ನನಗೆ ಅದು ವಾರ್ನಿಂಗ್. ಗರಗರ ಅಂದರೆ ಲೋಹಕ್ಕೆ ಲೋಹ ಉಜ್ಜುತ್ತಿದೆ, ಅದು ಎರರ್, ಡಿಸ್ಕೂ ಹಾಳು. ವಾರ್ನಿಂಗ್ ಇದ್ದರೂ ರಿಲೀಸ್ ಮಾಡ್ತೀವಿ, ಆದರೆ ಘಾಟ್ ಇಳಿಯೋಕಾಗಲ್ಲ. ಹೊರಡೋ ಮುಂಚೆ ಹಾಡು ಆಫ್ ಮಾಡಿ, ಗ್ಲಾಸ್ ಇಳಿಸಿ, ನಿಧಾನಕ್ಕೆ ಓಡಿಸಿ ಒಮ್ಮೆ ಬ್ರೇಕ್ ಒತ್ತಿ ಕೇಳಿ.